ಫೈಲಕ್ಕೋರ ಫೈಲಿನಲ್ಲಿ ಇಲ್ಲದ ಕಾಗದ

"ನಿಮ್ಮನೇಲಿ ಕಾಗದ ಉಳಿಯೂದಿಲ್ಲ, ತಂಗೀ" ಎಂದು ಸಾರಿದವನು ನನ್ನ ಸೋದರಮಾವ ಬೊಮ್ಮಯ್ಯ. ನಾನು ಹತ್ತನೇ ತರಗತಿ ಪಾಸಾಗಿದ್ದೆ, ಅಂಗಳದಲ್ಲಿ ಕೂತ ನೆಂಟರಿಷ್ಟರು ನನ್ನ ಅಂಕಪಟ್ಟಿಯನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಆ ಹುರುಪಿನಲ್ಲಿ ನಾನು "ಮುಂದೆ ಡಿಗ್ರಿ ಮಾಡ್ತೆ" ಎಂದುಬಿಟ್ಟೆ. ಎಲ್ಲರೂ ನಕ್ಕರು. ಮಾವ ಮಾತ್ರ ನಗಲಿಲ್ಲ. ಬಾಯಲ್ಲಿದ್ದ ಎಲೆಅಡಿಕೆಯ ಕವಳವನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ತಳ್ಳಿ ಹೇಳಿದ: "ಮಾಡು. ಯಾರು ಬ್ಯಾಡ ಅಂದ್ರು? ನೀ ಓದೂಕೆ ಓದ್ತೆ. ಆದ್ರೆ ಆ ಡಿಗ್ರಿ ಕಾಗದ ನಿಮ್ಮನೇಲಿ ಉಳಿಯೂದಿಲ್ಲ. ಬರ್ದಿಟ್ಕ." ನನಗೆ ಎಷ್ಟು ಸಿಟ್ಟು ಬಂತೆಂದರೆ ನಿಜಕ್ಕೂ ಬರೆದಿಟ್ಟುಕೊಂಡೆ. ಒಂದು ದಿನ ಮಾವನ ಮುಖಕ್ಕೆ ಹಿಡಿದು ತೋರಿಸಬೇಕೆಂದು ಅವನ ಮಾತನ್ನು ಆಡಿದ ಹಾಗೆಯೇ ಒಂದು ಚೀಟಿಯಲ್ಲಿ ಬರೆದು ಮಡಚಿಟ್ಟೆ. ಆ ಚೀಟಿ ಅದೇ ಮಳೆಗಾಲದಲ್ಲಿ ಕಳೆದುಹೋಯಿತು.

ಮಾವನ ಮಾತಿಗೆ ಸಾಕ್ಷಿಗೇನೂ ಕೊರತೆಯಿರಲಿಲ್ಲ. ಹಾರವಾಡದ ಹತ್ತಿರ ಗದ್ದೆಯಂಚಿನ ಮನೆ ನಮ್ಮದು. ಆ ಮನೆಯಲ್ಲಿ ಭತ್ತಕ್ಕೆ ಜಾಗವಿತ್ತು, ಬೀಜದ ಸೌತೆಕಾಯಿಗೆ ಜಂತಿಯಲ್ಲಿ ಜಾಗವಿತ್ತು, ಕೋಳಿಗೆ ಬುಟ್ಟಿಯಿತ್ತು, ನಾಯಿಗೆ ಜಗುಲಿಯ ಮೂಲೆಯಿತ್ತು. ಕಾಗದಕ್ಕೆ ಮಾತ್ರ ಇಂಥದೇ ಎನ್ನುವ ಜಾಗವಿರಲಿಲ್ಲ. ಸುಮ್ಮನೆ ಕೂತು ತಿನ್ನುವವರು ನಮ್ಮ ಮನೆಯಲ್ಲಿ ಯಾರೂ ಇಲ್ಲದ್ದರಿಂದ ಒಳಗೆ ಬಂದ ಕಾಗದಕ್ಕೂ ಕೂಡಲೇ ಒಂದು ಕೆಲಸ ಹಚ್ಚುತ್ತಿದ್ದರು. ನನ್ನ ಮೂರನೇ ತರಗತಿಯ ಪ್ರಗತಿಪತ್ರ ಉಪ್ಪಿನ ಭರಣಿಯ ಬಾಯಿಗೆ ಮುಚ್ಚಳವಾಯಿತು. ಅಣ್ಣ ಶಾಲೆ ಬಿಟ್ಟಾಗ ಕೊಟ್ಟ ಪತ್ರವನ್ನು ಕೋಳಿಬುಟ್ಟಿಯ ತಳಕ್ಕೆ ಹಾಸಿದರು. ಅದರ ಮೇಲೆ ಹನ್ನೆರಡು ಮರಿಗಳಾದವು, ಅಣ್ಣನ ವಿದ್ಯಾಭ್ಯಾಸದಿಂದ ಮನೆಗೆ ಆದ ಲಾಭ ಅಷ್ಟು. ಅಪ್ಪನ ಓಟಿನ ಚೀಟಿ ಸೂರಿನ ಸಂದಿಯಲ್ಲಿ ಇರುತ್ತಿತ್ತು. ಫೋಟೋದಲ್ಲಿದ್ದ ಅಪ್ಪನ ಗಲ್ಲವನ್ನು ಇಲಿ ತಿಂದಿತ್ತು. ಆದರೂ ಅಪ್ಪ ಪ್ರತಿ ಸಲ ಮತ ಹಾಕಿ ಬರುತ್ತಿದ್ದ. ಓಟು ಹಾಕುವವನಿಗೆ ಗಲ್ಲ ಇದೆಯೋ ಇಲ್ಲವೋ ಎಂದು ಯಾವ ಪಕ್ಷದವರೂ ನೋಡುವುದಿಲ್ಲ. ಕಡೆಯ ತನಕ ಉಳಿದದ್ದು ರೇಷನ್ ಕಾರ್ಡು ಒಂದೇ. ಅದನ್ನು ದೇವರ ಪಟದ ಹಿಂದೆ ಇಡುತ್ತಿದ್ದರು. ಯಾವ ಕಾಗದದಿಂದ ಅನ್ನ ಬರುತ್ತದೆ, ಯಾವುದರಿಂದ ಬರುವುದಿಲ್ಲ ಎನ್ನುವುದು ನಮ್ಮ ಮನೆಯವರಿಗೆ ಶಿಕ್ಷಣ ಇಲಾಖೆಗಿಂತ ಚೆನ್ನಾಗಿ ಗೊತ್ತಿತ್ತು.

ಈಗ ನಾನು ಪದವೀಧರೆ. ಹಾಗೆ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಒಂದೇ ಕೂಟದಲ್ಲಿ ಮೂರು ಸಲ ಹೇಳುವ ಚಟವೂ ಇದೆ. ನಮ್ಮ ಕುಟುಂಬದಲ್ಲಿ ಈ ಪದವಿಯನ್ನು ಕಂಡವಳು ನಾನೇ ಮೊದಲು. ನಟ್ಟಿಯ ದಿನಗಳಲ್ಲಿ ಬೆಳಿಗ್ಗೆ ಎರಡು ಗದ್ದೆ ನೆಟ್ಟು, ಬಸ್ಸಿಗೆ ಓಡಿ, ಕಾಲಿನ ಕೆಸರನ್ನು ಅಂಕೋಲೆಯ ಕಾಲೇಜಿನ ನಲ್ಲಿಯಲ್ಲಿ ತೊಳೆದವಳು ನಾನು. ಆಮೇಲೆ ಬಿ.ಎಡ್. ಮಾಡಿ ಕಾರವಾರದ ಒಂದು ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿಯಾದೆ. ಏಳು ವರ್ಷ ಅತಿಥಿಯಾಗಿಯೇ ಉಳಿದೆ. ಏಳು ವರ್ಷ ದುಡಿದವರನ್ನು ಅತಿಥಿ ಎಂದು ಕರೆಯುವ ಮನೆ ಸರ್ಕಾರದ್ದೊಂದೇ ಇರಬೇಕು. ಕೊನೆಗೂ ಈ ವರ್ಷ ಖಾಯಂ ನೌಕರಿಯ ಆಯ್ಕೆ ಪಟ್ಟಿಯಲ್ಲಿ ನನ್ನ ಹೆಸರು ಬಂತು. ಮೂಲ ದಾಖಲೆಗಳನ್ನು ತೋರಿಸಿದರೆ ನೌಕರಿ ನನ್ನದು. ತೋರಿಸದಿದ್ದರೆ ಪಟ್ಟಿಯಲ್ಲಿ ನನ್ನ ಕೆಳಗಿದ್ದವರದ್ದು. ಏಳು ವರ್ಷ ಊರ ಮಕ್ಕಳಿಗೆಲ್ಲ ಕಾಗದಪತ್ರ ಜೋಪಾನ ಮಾಡುವುದನ್ನು ಕಲಿಸಿದವಳು, ನನ್ನದೇ ಪದವಿಯ ಕಾಗದ ಎಲ್ಲಿದೆ ಎಂದು ತಿಳಿಯದೆ ಮೂರು ದಿನ ಹುಚ್ಚಿಯ ಹಾಗೆ ತಿರುಗಿದೆ. ಅದನ್ನು ಹೇಳಲಿಕ್ಕೇ ಕೂತಿದ್ದೇನೆ. ಆದರೆ ಮೊದಲು ನಾನು ಎಂಥ ಗುರು ಎನ್ನುವುದು ನಿಮಗೆ ಗೊತ್ತಾಗಬೇಕು. ಇಲ್ಲದಿದ್ದರೆ ನೀವು ನಕ್ಕರೂ ಅರ್ಧವೇ ನಗುತ್ತೀರಿ.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ. ನನಗೆ ಮಕ್ಕಳು ಇಟ್ಟ ಹೆಸರು ಫೈಲಕ್ಕೋರು. ಬೆನ್ನ ಹಿಂದೆ ಇಟ್ಟದ್ದು, ಆದರೆ ನನಗೆ ಎದುರಿಗೇ ಕರೆದರೂ ಬೇಸರವಿರಲಿಲ್ಲ. "ಒಂದು ಮಗು, ಒಂದು ಫೈಲು" ಎನ್ನುವುದು ನನ್ನ ಯೋಜನೆ. ಪ್ರತಿ ಫೈಲಿಗೆ ಆರು ಪ್ಲಾಸ್ಟಿಕ್ ಕವರು. ಮೊದಲನೆಯದರಲ್ಲಿ ಮನೆಪಾಠ, ಎರಡನೆಯದರಲ್ಲಿ ಕಿರುಪರೀಕ್ಷೆಯ ಉತ್ತರಪತ್ರಿಕೆ, ಮೂರರಲ್ಲಿ ನಕಾಶೆ ಮತ್ತು ಚಿತ್ರ, ನಾಲ್ಕರಲ್ಲಿ ಪ್ರಾಜೆಕ್ಟು, ಐದರಲ್ಲಿ ಶಾಲೆಯಿಂದ ಬಂದ ಸೂಚನೆಗಳು, ಆರರಲ್ಲಿ ಜಾತಿ, ಆದಾಯ, ಜನನ ಇತ್ಯಾದಿ ಜನ್ಮ ಜನ್ಮಾಂತರದ ಪ್ರಮಾಣಪತ್ರಗಳು. ಫೈಲುಗಳೆಲ್ಲ ತರಗತಿಯ ಕಬ್ಬಿಣದ ಕಪಾಟಿನಲ್ಲಿ ಕ್ರಮಸಂಖ್ಯೆಯಂತೆ ನಿಂತಿರುತ್ತಿದ್ದವು. ಯಾವುದಾದರೂ ಕಾಗದ ಹೊರಗೆ ತೆಗೆದರೆ ವಹಿಯಲ್ಲಿ ಸಹಿ ಮಾಡಬೇಕು, ವಾಪಸು ಇಟ್ಟಾಗ ಮತ್ತೆ ಸಹಿ. ಶನಿವಾರ ಕೊನೆಯ ಅವಧಿ ತಪಾಸಣೆ. ಎಲ್ಲಕ್ಕಿಂತ ಮೇಲೆ, ಮೇಜಿನ ಮೇಲೆ ನನ್ನದೇ ಒಂದು ಮಾದರಿ ಫೈಲು. ಅದರ ಆರನೆಯ ಕವರಿನಲ್ಲಿ ನನ್ನ ಪದವಿ ಪ್ರಮಾಣಪತ್ರದ ಜೆರಾಕ್ಸು. "ಮೂಲ ಪ್ರತಿ ಇನ್ನೂ ಭದ್ರವಾದ ಕಡೆ ಇದೆ" ಎನ್ನುತ್ತಿದ್ದೆ. "ಎಲ್ಲಿ ಅಕ್ಕೋರೆ?" ಎಂದು ಯಾರಾದರೂ ಕೇಳಿದರೆ "ಹೇಳಿಬಿಟ್ಟರೆ ಅದು ಭದ್ರ ಹೇಗಾಯ್ತು?" ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗ ಅನ್ನಿಸುತ್ತದೆ, ಆ ಭದ್ರತೆ ನನ್ನನ್ನೂ ಹೊರಗಿಟ್ಟಿತ್ತು.

ಫೈಲು ಬರುವ ಮೊದಲು ನಮ್ಮ ಮಕ್ಕಳು ಕಾಗದ ಇಡುತ್ತಿದ್ದ ಚಂದ ನೋಡಬೇಕಿತ್ತು. ವಿಜ್ಞಾನದ ಟಿಪ್ಪಣಿ ಇತಿಹಾಸದ ಪುಸ್ತಕದಲ್ಲಿ, ಇತಿಹಾಸದ್ದು ಬಸ್ಸಿನಲ್ಲಿ. ಒಬ್ಬನ ಗಣಿತದ ಉತ್ತರಪತ್ರಿಕೆ ಅವನ ತಮ್ಮನ ಗಾಳಿಪಟವಾಗಿ ಶಾಲೆಯ ಮೇಲೆಯೇ ಹಾರಿತು. ನಾನು ಹಾಕಿದ ಕೆಂಪು ಗೆರೆಗಳು ಕೆಳಗಿನಿಂದ ಸ್ಪಷ್ಟ ಕಾಣುತ್ತಿದ್ದವು. ಇನ್ನೊಬ್ಬಳು ಪರೀಕ್ಷೆಯ ಪ್ರವೇಶಪತ್ರವನ್ನು ಜೋಪಾನವಾಗಿಡಲು ಮೊಬೈಲಿನ ಹಿಂಬದಿಯ ಕವರಿನೊಳಗೆ ಸೇರಿಸಿ, ಪರೀಕ್ಷಾ ಕೊಠಡಿಗೆ ಮೊಬೈಲು ತರಬಾರದೆಂದು ಅದನ್ನು ಮನೆಯಲ್ಲೇ ಬಿಟ್ಟುಬಂದಿದ್ದಳು. ಅಪ್ಪ ಅಮ್ಮ ಇಬ್ಬರೂ ನೌಕರಿಯಲ್ಲಿದ್ದ ಮನೆಯ ಮಕ್ಕಳದ್ದು ಬೇರೆ ಕತೆ. ಅವರ ಕಾಗದಗಳನ್ನು ಅಮ್ಮಂದಿರೇ ಇಡುತ್ತಾರೆ, ಪ್ರಾಜೆಕ್ಟನ್ನು ಅಪ್ಪಂದಿರೇ ಮಾಡುತ್ತಾರೆ, ಶಿಸ್ತಿನ ಬಹುಮಾನವನ್ನು ಮಾತ್ರ ಮಕ್ಕಳು ಬಂದು ತೆಗೆದುಕೊಳ್ಳುತ್ತಾರೆ. ಎರಡು ಕೋಣೆಯಲ್ಲಿ ಏಳು ಜನ ಮಲಗುವ ಮನೆಯ ಹುಡುಗಿ ಒಂದು ಕಾಗದ ಕಳೆದರೆ ಅವಳು ಬೇಜವಾಬ್ದಾರಿ. ಅದೇ ಹುಡುಗಿ ಕೊಟ್ಟ ಅರ್ಜಿಯನ್ನು ಹತ್ತು ಕಪಾಟುಗಳಿರುವ ಕಚೇರಿ ಕಳೆದರೆ, "ಇನ್ನೊಂದು ಸೆಟ್ ತನ್ನಿ."

ಇಷ್ಟೆಲ್ಲ ತಿಳಿದವಳು ನಾನು ನಾಗವೇಣಿಯ ವಿಷಯದಲ್ಲಿ ಹೇಗೆ ನಡೆದುಕೊಂಡೆ ಎನ್ನುವುದನ್ನು ಮುಚ್ಚಿಡುವುದಿಲ್ಲ. ನಾಗವೇಣಿ ಕಿನ್ನರ ಎಂಬ ಊರಿನ ಕಡೆಯ ಹುಡುಗಿ, ಹತ್ತನೇ ತರಗತಿ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಅಳೆದು ತೂಗಿ ಕನ್ನಡ. ಜೂನ್ ತಿಂಗಳಲ್ಲಿ ಎಲ್ಲರೂ ತಂತಮ್ಮ ಪ್ರಮಾಣಪತ್ರ ತಂದಾಗ ಅವಳೂ ಒಂದು ಬಟ್ಟೆಯ ಗಂಟು ಬಿಚ್ಚಿದಳು. ತರಗತಿಯಿಡೀ ಒಣಸಿಗಡಿಯ ವಾಸನೆ ಹರಡಿತು. ನಮ್ಮಲ್ಲಿ ಅದಕ್ಕೆ ಶೆಟ್ಲಿ ಎನ್ನುತ್ತಾರೆ. ಹಿಂದಿನ ಬೆಂಚಿನವರು "ಊಟ ಬಂತು" ಎಂದರು.

"ನಾಗವೇಣೀ, ಇದು ಜನನ ಪ್ರಮಾಣಪತ್ರವೋ, ಶೆಟ್ಲಿ ಚಟ್ನಿಯೋ?" ಎಂದೆ ನಾನು. ತರಗತಿ ನಕ್ಕಿತು. ತರಗತಿ ನಕ್ಕರೆ ನನ್ನಂಥ ಗುರುಗಳಿಗೆ ಇನ್ನಷ್ಟು ಹುಮ್ಮಸ್ಸು.

"ಅಜ್ಜಿ ಒಲೆ ಮೇಲಿನ ಅಟ್ಟದಲ್ಲಿ ಇಡ್ತದೆ, ಅಕ್ಕೋರೆ. ಶೆಟ್ಲಿ, ಬೀಜ, ಕಾಗದ ಎಲ್ಲಾ ಅಲ್ಲೇ."

"ಕಾಗದ ಇಡುವ ಜಾಗವೇನೇ ಅದು? ಹೊಗೆ ಹಿಡಿಯುವುದಿಲ್ಲವಾ?"

"ಹೊಗೆ ಹಿಡೀತದೆ, ಅಕ್ಕೋರೆ. ನೀರು ಹಿಡಿಯೂದಿಲ್ಲ."

ಎದುರುತ್ತರ ಎಂದು ನಾನು ಅವಳನ್ನು ಐದು ನಿಮಿಷ ನಿಲ್ಲಿಸಿದೆ. ಪ್ಲಾಸ್ಟಿಕ್ ಎಂದರೇನು, ವಿಜ್ಞಾನ ಎಂದರೇನು, ಅಜ್ಜಿಯ ಅಡುಗೆಮನೆ ಯಾಕೆ ಕಚೇರಿಯಾಗಲಾರದು ಎಂದೆಲ್ಲ ಹೇಳಿದೆ. ನನ್ನ ಅಜ್ಜಿಯ ಅಡುಗೆಮನೆಯಲ್ಲೂ ಅಂಥದೇ ಅಟ್ಟವಿತ್ತು ಎನ್ನುವುದನ್ನು ಮಾತ್ರ ಹೇಳಲಿಲ್ಲ. ಹಾಗೆ ನೋಡಿದರೆ ನಮ್ಮ ಕಡೆ ಮಳೆಗಾಲದಲ್ಲಿ ಏನೇನು ಉಳಿಯಬೇಕೋ ಅದೆಲ್ಲ ಒಲೆಯ ಮೇಲೆಯೇ ಉಳಿಯುವುದು. ಆದರೆ ನಾನು ಬಿ.ಎಡ್. ಮಾಡಿದ್ದೆನಲ್ಲ, ಅಂಥದ್ದೆಲ್ಲ ನೆನಪಾಗುವುದಿಲ್ಲ. ನಾಗವೇಣಿ ತಲೆ ತಗ್ಗಿಸಿ ಆರನೆಯ ಕವರು ತುಂಬಿಸಿದಳು. ನಾನು ಗೆದ್ದೆ.

ಜುಲೈ ಬಂತು. ಕಾರವಾರದ ಜುಲೈ ಎಂದರೆ ಗೋಡೆಯೂ ಬೆವರುವ ತಿಂಗಳು. ಮೂರು ವಾರ ಬಿಸಿಲು ಕಾಣಲಿಲ್ಲ. ರಜೆಗಳ ಮೇಲೆ ರಜೆ ಬಂದು ಶನಿವಾರದ ತಪಾಸಣೆ ನಿಂತಿತು. ವಿದ್ಯಾರ್ಥಿವೇತನದ ಅರ್ಜಿಗೆಂದು ಕೊನೆಗೆ ಕಪಾಟು ತೆರೆದಾಗ ಒಳಗಿನಿಂದ ಹಳೆಯ ಬಾವಿಯಂಥ ಉಸಿರು ಬಂತು. ಮೊದಲ ಫೈಲಿನ ಕಾಗದ ಎಳೆದೆ, ಬರಲಿಲ್ಲ. ಜೋರಾಗಿ ಎಳೆದೆ, ಕಾಗದ ಬಂತು, ಅಕ್ಷರ ಬರಲಿಲ್ಲ. ಜೆರಾಕ್ಸಿನ ಮಸಿಯೆಲ್ಲ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು, ಹುಡುಗನ ಹೆಸರು, ಜಾತಿ, ಆದಾಯ ಎಲ್ಲ ಕವರಿನ ಮೇಲೆ ತಿರುಗುಮುರುಗಾಗಿ ನಿಂತಿದ್ದವು. ಕನ್ನಡಿ ಹಿಡಿದರೆ ಓದಬಹುದಿತ್ತು. ಮನೆಪಾಠದ ಶಾಯಿ ಹರಡಿ ನಕಾಶೆಗಳಲ್ಲಿ ಹೊಸ ಸಮುದ್ರಗಳು ಹುಟ್ಟಿದ್ದವು. ಮೂಲ ಪ್ರಮಾಣಪತ್ರಗಳ ಮೇಲೆ ಹಸಿರು ಬೂಷ್ಟು ಕೂತು, ಅಧಿಕಾರಿಗಳ ಸಹಿಗೂ ಅದಕ್ಕೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಹೆಡ್‌ಮಾಸ್ತರರು ಬಂದು ನೋಡಿ, "ಅಕ್ಕೋರೆ, ನಿಮ್ಮ ಯೋಜನೆ ಚೆನ್ನಾಗಿ ಬೆಳೆದಿದೆ" ಎಂದು ಹೋದರು.

ನಾಗವೇಣಿಯ ಫೈಲು ತೆರೆದೆ. ಆರನೆಯ ಕವರಿನಲ್ಲಿ ಬಿಳಿಯ ಖಾಲಿ ಹಾಳೆಗಳಿದ್ದವು. ಹುಡುಗಿ ನನ್ನ ಸಮಾಧಾನಕ್ಕೆ ಹಾಳೆ ತುಂಬಿಸಿ, ಕಾಗದಗಳನ್ನು ಅಂದು ಸಂಜೆಯೇ ಅಜ್ಜಿಗೆ ವಾಪಸು ಕೊಟ್ಟಿದ್ದಳು. ವಹಿಯಲ್ಲಿ ಸಹಿಯನ್ನೂ ಮಾಡಿರಲಿಲ್ಲ. ನಿಯಮ ಮುರಿದದ್ದಕ್ಕೆ ಬೈಯಬೇಕೆಂದುಕೊಂಡೆ. ಆದರೆ ಆ ಸಲ ಇಡೀ ತರಗತಿಯಲ್ಲಿ ಸಮಯಕ್ಕೆ ಸರಿಯಾಗಿ ವಿದ್ಯಾರ್ಥಿವೇತನದ ಅರ್ಜಿ ಹೋದದ್ದು ಅವಳದ್ದೊಂದೇ. ಉಳಿದವರ ಮನೆಯವರು ಹೊಸ ಪ್ರಮಾಣಪತ್ರಕ್ಕೆ ಕೂಲಿ ಬಿಟ್ಟು ಸಾಲಿನಲ್ಲಿ ನಿಂತರು, ನನ್ನ ಯೋಜನೆಯ ದೆಸೆಯಿಂದ. ನಾನು ಏನು ಮಾಡಿದೆ ಎಂದು ಕೇಳಿ: ಕಪಾಟನ್ನು ಬೈದೆ.

ಇದಾಗಿ ಎರಡು ತಿಂಗಳಿಗೆ ನನಗೆ ಖಾಯಂ ನೌಕರಿಯ ಪತ್ರ ಬಂತು. ಸೋಮವಾರ ಕೈಗೆ ಸಿಕ್ಕಿತು, ಗುರುವಾರ ಬೆಳಿಗ್ಗೆ ದಾಖಲೆ ಪರಿಶೀಲನೆ. "ಪದವಿ ಪ್ರಮಾಣಪತ್ರದ ಮೂಲ ಪ್ರತಿ ಕಡ್ಡಾಯ. ಮೊಬೈಲಿನಲ್ಲಿ ತೋರಿಸುವುದನ್ನು ಪರಿಗಣಿಸಲಾಗುವುದಿಲ್ಲ." ಈ ಏಳು ವರ್ಷ ಎಲ್ಲ ಕಡೆ ಜೆರಾಕ್ಸಿನಲ್ಲೇ ಕೆಲಸ ನಡೆದಿತ್ತು. ಮೂಲ ಪ್ರತಿ ನಾನು ಹೇಳುತ್ತಿದ್ದ ಆ ಭದ್ರವಾದ ಜಾಗದಲ್ಲಿತ್ತು. ಅದು ಯಾವುದೆಂದು ಯೋಚಿಸುತ್ತ ನಾನು ನನ್ನ ಬಾಡಿಗೆ ಕೋಣೆಯ ನಡುವೆ ನಿಂತೆ. ಸೋಮವಾರ ಸಂಜೆಯೊಳಗೆ ಕೋಣೆಯಲ್ಲಿ ನಡುವೆ ಎನ್ನುವುದೇ ಉಳಿಯಲಿಲ್ಲ. ಕಂಪ್ಯೂಟರ್ ಕಲಿತ ಪತ್ರ ಸಿಕ್ಕಿತು, ಓಟದಲ್ಲಿ ಮೂರನೇ ಬಹುಮಾನದ ಪತ್ರ ಸಿಕ್ಕಿತು, ನಾನು ಎಂದೂ ಕೊಳ್ಳದ ಒಂದು ಮಿಕ್ಸರಿನ ಖಾತರಿ ಚೀಟಿ ಸಿಕ್ಕಿತು. ಪದವಿ ಸಿಗಲಿಲ್ಲ. ಜೊತೆಯ ಶಿಕ್ಷಕರೊಬ್ಬರು ಸಮಾಧಾನ ಹೇಳಿದರು: "ನಕಲು ಪ್ರತಿ ತರಿಸಬಹುದು, ಅಕ್ಕೋರೆ. ಮೊದಲು ಪೊಲೀಸ್ ದೂರು, ಆಮೇಲೆ ಅಫಿಡವಿಟ್, ಆಮೇಲೆ ಪೇಪರಿನಲ್ಲಿ ಜಾಹೀರಾತು, ಆಮೇಲೆ ಅರ್ಜಿ. ಆರು ತಿಂಗಳಲ್ಲಿ ಬಂದುಬಿಡ್ತದೆ." ಗುರುವಾರಕ್ಕೆ ಆರು ತಿಂಗಳಿರಲಿಲ್ಲ. ಫೈಲಕ್ಕೋರ ಪದವಿ ಕಳೆದಿದೆ ಎಂಬ ಜಾಹೀರಾತನ್ನು ಮೊದಲು ಓದುವವರು ಯಾರೆಂದೂ ನನಗೆ ಗೊತ್ತಿತ್ತು. ನಾನೇ ಅಲ್ಲವೇ ಮಕ್ಕಳಿಗೆ ದಿನಾ ಪೇಪರು ಓದಿ ಎಂದು ಕಲಿಸಿದ್ದು.

ಮಂಗಳವಾರ ರಜೆ ಹಾಕಿ ಊರಿಗೆ ಓಡಿದೆ. ಆಯಿಯ ಕಬ್ಬಿಣದ ಪೆಟ್ಟಿಗೆ! ಆಯಿ ಎಂದರೆ ನನ್ನ ಅಮ್ಮ. ಘಟಿಕೋತ್ಸವದಿಂದ ಬಂದ ದಿನ ನಾನೇ ಅದರೊಳಗೆ ಇಟ್ಟಿದ್ದೆ ಎಂದು ಬಸ್ಸಿನಲ್ಲಿ ನೆನಪಾಯಿತು. ಪೆಟ್ಟಿಗೆಯಲ್ಲಿ ಆಯಿಯ ಮದುವೆಯ ಸೀರೆ, ಎರಡು ಹಿತ್ತಾಳೆ ಲೋಟ, ಮೂಲೆಯಲ್ಲಿ ಗೆದ್ದಲಿನ ಮಣ್ಣು.

"ಆಯಿ, ನನ್ನ ಡಿಗ್ರಿ ಕಾಗದ ಇದ್ರಲ್ಲೇ ಇತ್ತಲ್ಲ? ಕೆಂಪು ರಿಬ್ಬನ್ ಕಟ್ಟಿದ್ದು?"

"ರಿಬ್ಬನ್ ಅದೆಯಲಾ" ಎಂದಳು ಆಯಿ. "ನಿನ್ನ ಅಣ್ಣನ ಮಗ್ಳು ಜಡೆಗೆ ಕಟ್ಕಂಡು ಶಾಲೆಗೆ ಹೋಗ್ತದೆ."

"ರಿಬ್ಬನ್ ಯಾರಿಗೆ ಬೇಕು ಆಯಿ! ಕಾಗದ ಎಲ್ಲಿ?"

"ಎಂತಕ್ಕೆ ಕೂಗ್ತೆ? ಕಾಗದ ನಿನ್ನ ಮಾವ ತಕಂಡೋಗಿರ್ಬೇಕು. ಗದ್ದೆ ನೀರು ಒಳಗೆ ಬಂದಿತ್ತಲಾ, ಎರಡು ವರ್ಷ ಆತು, ಆಗ ಬಂದು ಪೆಟ್ಟಿಗೆ ಎತ್ತಿಟ್ಟ. ಹೋಗುವಾಗ ಕಂಕುಳಲ್ಲಿ ಎಂತದೋ ಇತ್ತು. ನಾ ಒಣಮೀನು ತಕಂಡೋದ ಅಂದ್ಕಂಡೆ."

ಎಲ್ಲ ಬಿಟ್ಟು ಬೊಮ್ಮಯ್ಯ ಮಾವ! ನಾನು ಹತ್ತನೇ ತರಗತಿ ಮುಗಿಸಿದಾಗಲೇ ನನ್ನ ಪದವಿಯ ಕಾಗದ ಉಳಿಯುವುದಿಲ್ಲ ಎಂದವನು, ತನ್ನ ಮಾತು ನಿಜ ಮಾಡಲು ತಾನೇ ಕೈ ಹಾಕಿದನೇ? ಫೋನು ಮಾಡಿದೆ. ಮಾವನ ಫೋನು ಬಂದ್ ಆಗಿತ್ತು. ಚಾರ್ಜು ಖರ್ಚಾಗುತ್ತದೆಂದು ಅವನು ಅದನ್ನು ಬಂದ್ ಮಾಡಿಯೇ ಇಡುತ್ತಾನೆ, ತಾನು ಮಾತಾಡಬೇಕೆನಿಸಿದಾಗ ಮಾತ್ರ ಜೀವ ಕೊಡುತ್ತಾನೆ.

ಬುಧವಾರ ಅಂಕೋಲೆಯಲ್ಲಿ ಹುಬ್ಬಳ್ಳಿ ಬಸ್ಸು ಹತ್ತಿ ಸುಂಕಸಾಳಕ್ಕೆ ಹೋದೆ. ಮಾವನ ಮನೆ ಅಲ್ಲಿ ಹೆದ್ದಾರಿಯಿಂದ ಸ್ವಲ್ಪ ಒಳಗೆ. ದಾರಿಯುದ್ದಕ್ಕೂ ಮಾವನಿಗೆ ಹೇಳಬೇಕಾದ ಮಾತುಗಳನ್ನು ಒಂದರಿಂದ ಆರರವರೆಗೆ ಕವರಿನಂತೆ ಜೋಡಿಸಿಕೊಂಡೆ. ಹೋಗಿ ನೋಡಿದರೆ ಅವನು ಜಗುಲಿಯ ಮೇಲೆ ತೆಂಗಿನ ಗರಿಯ ಕಡ್ಡಿ ತೆಗೆದು ಹಿಡಿಸೂಡಿ ಕಟ್ಟುತ್ತಿದ್ದ.

"ಮಾವ, ನನ್ನ ಡಿಗ್ರಿ ಕಾಗದ ಎಲ್ಲಿ?"

"ಬಂದ್ಯಾ? ಚಾ ಕುಡಿ ಮೊದ್ಲು."

"ಕಾಗದ ಎಲ್ಲಿ ಅಂತ ಕೇಳ್ದೆ."

"ಚಾಕ್ಕೂ ಕಾಗದಕ್ಕೂ ಎಂತ ಜಗಳ? ಕುಡಿ."

ಕುಡಿದೆ. ಕುಡಿಯದೆ ಅವನು ಬಾಯಿ ಬಿಡುವವನಲ್ಲ. ಲೋಟ ಕೆಳಗಿಟ್ಟ ಮೇಲೆ ಕೇಳಿದ: "ಎಂತಕ್ಕೆ ಬೇಕು ಕಾಗದ?"

"ನಾಳೆ ತೋರಿಸ್ಬೇಕು. ತೋರಿಸದಿದ್ರೆ ನೌಕರಿ ಹೋಗ್ತದೆ."

"ತೋರ್ಸಿ ವಾಪಸ್ ತರ್ತೆಯಾ?"

"ಮಾವ! ಅದು ನನ್ನ ಕಾಗದ!"

"ಹೌದನಾ?" ಎಂದು ಎದ್ದ. ಅಡುಗೆಮನೆಗೆ ಹೋಗಿ, ಮಣೆ ಹತ್ತಿ, ಒಲೆಯ ಮೇಲಿನ ಅಟ್ಟದಿಂದ ಮಸಿ ಹಿಡಿದ ಒಂದು ದೊಡ್ಡ ಡಬ್ಬಿ ಇಳಿಸಿದ. ಅದರಿಂದ ಮೊದಲು ಹುಣಸೆಹಣ್ಣಿನ ಗಂಟು ಹೊರಬಂತು, ಆಮೇಲೆ ಸೌತೆಬೀಜ, ಆಮೇಲೆ ಶೆಟ್ಲಿಯ ಚೀಲ. ತಳದಲ್ಲಿ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ಅದರೊಳಗೆ ಕ್ಯಾಲೆಂಡರಿನ ಹಾಳೆಯಲ್ಲಿ ಸುತ್ತಿ, ನನ್ನ ಪದವಿ. ಬಣ್ಣ ಕಡುಚಹಾದ್ದಾಗಿತ್ತು. ಮುಟ್ಟಿದರೆ ಹಪ್ಪಳದ ಹಾಗೆ ಸದ್ದು ಮಾಡಿತು. ಅಂಚಿನಲ್ಲಿ ಅನೇಕ ಬೆರಳುಗಳ ಗುರುತು. ಒಂದು ಮೂಲೆಯಲ್ಲಿ ಕಾಳಿನಷ್ಟು ತೂತು. ಆದರೆ ಒಂದು ಅಕ್ಷರ ಅಳಿಸಿರಲಿಲ್ಲ, ಮುದ್ರೆ ಹೊಳೆಯುತ್ತಿತ್ತು, ನನ್ನ ಹೆಸರು ಇಟ್ಟಲ್ಲೇ ಇತ್ತು. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಆರು ಮಾತುಗಳಲ್ಲಿ ಒಂದೂ ನನಗೆ ಸಿಗಲಿಲ್ಲ.

"ಆ ತೂತು ವರಲೆದು" ಎಂದ ಮಾವ. ವರಲೆ ಎಂದರೆ ಗೆದ್ದಲು. "ನಾ ಪೆಟ್ಟಿಗೆ ತೆಗ್ದು ನೋಡುವಾಗ ಆಗ್ಲೇ ಶುರು ಮಾಡಿತ್ತು. ಇನ್ನೊಂದು ವಾರ ಬಿಟ್ಟಿದ್ರೆ ಅದೂ ಡಿಗ್ರಿ ಮುಗಿಸ್ತಿತ್ತು."

"ಈ ಬೆರಳಚ್ಚು?"

"ಬಂದವ್ರಿಗೆ ತೋರಿಸ್ಬೇಕಲಾ. ಸುಮ್ಮನೆ ಬಾಯಲ್ಲಿ ಹೇಳಿದ್ರೆ ಯಾರು ನಂಬ್ತಾರೆ, ನಿಮ್ಮ ಮನೇದೊಂದು ಹುಡ್ಗಿ ಡಿಗ್ರಿ ಮಾಡಿದ್ದು?"

"ನಂಗೆ ಒಂದು ಮಾತು ಹೇಳೂದಲ್ವಾ, ಮಾವ? ಮೂರು ದಿನದಿಂದ ಜೀವ ಹೋಗಿತ್ತು."

"ನೀ ಕೇಳಿದ್ಯಾ? ಎರಡು ವರ್ಷ ಆತು. ಕಾಗದ ಇಲ್ಲ ಅಂತ ಈ ಹುಡ್ಗಿಗೆ ಯಾವಾಗ ಗೊತ್ತಾಗ್ತದೆ ನೋಡ್ವ ಅಂತ ನಾ ಕಾಯ್ತಾ ಇದ್ದೆ. ಮಕ್ಕಳಿಗೆ ಕಾಗದ ಇಡೂದು ಕಲಿಸ್ತದಂತೆ ಇದು!" ಎಂದು ಹಿಡಿಸೂಡಿಯ ಕಡೆ ತಿರುಗಿ, ಅದಕ್ಕೇ ಹೇಳುವವನ ಹಾಗೆ ಹೇಳಿದ.

ಗುರುವಾರ ಪರಿಶೀಲನೆಯ ಕೋಣೆಯಲ್ಲಿ ನನ್ನ ಮುಂದಿದ್ದವನ ಪದವಿ ಲ್ಯಾಮಿನೇಶನ್ನಿನಲ್ಲಿ ಗಾಜಿನಂತೆ ಥಳಥಳಿಸುತ್ತಿತ್ತು. ನಮ್ಮಂಥ ಮನೆಯ ಹುಡುಗನೇ ಇರಬೇಕು; ಮೊದಲ ಪದವಿ ಬಂದ ಮನೆಯವರು ಅದನ್ನು ಲ್ಯಾಮಿನೇಟ್ ಮಾಡಿಸದೆ ಊಟ ಮಾಡುವುದಿಲ್ಲ. ಪ್ಲಾಸ್ಟಿಕ್ಕಿನ ಮೇಲಿಂದ ಮುದ್ರೆ ನೋಡಲಾಗುವುದಿಲ್ಲ, ತೆಗೆದು ತನ್ನಿ ಎಂದರು. ಪಾಪ, ಅವನು ಕಿಟಕಿಯ ಹತ್ತಿರ ನಿಂತು ಬ್ಲೇಡಿನಿಂದ ತನ್ನ ಪದವಿಯನ್ನು ಸುಲಿಯುತ್ತಿದ್ದ. ನನ್ನ ಸರದಿ ಬಂತು. ಕ್ಯಾಲೆಂಡರಿನ ಹಾಳೆ ಬಿಚ್ಚಿದೆ.

"ಏನಮ್ಮ ಇದು ವಾಸನೆ?" ಎಂದರು ಅಧಿಕಾರಿ. ಘಟ್ಟದ ಮೇಲಿನವರು.

ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ಕೂತ ಗುಮಾಸ್ತರು, "ಶೆಟ್ಲಿ ಸರ್" ಎಂದರು. ಅವರ ದನಿಯಲ್ಲಿ ಮಧ್ಯಾಹ್ನದ ಊಟದ ಆಸೆಯಿತ್ತು. ಅಧಿಕಾರಿ ಕಾಗದವನ್ನು ಬೆಳಕಿಗೆ ಹಿಡಿದರು, ಮುದ್ರೆಯ ಮೇಲೆ ಬೆರಳಾಡಿಸಿದರು, ಸಹಿ ನೋಡಿದರು. "ಬೆಳಿಗ್ಗೆಯಿಂದ ನೋಡಿದ್ದರಲ್ಲಿ ಪ್ಲಾಸ್ಟಿಕ್ಕೂ ಇಲ್ಲದೆ ಬೂಷ್ಟೂ ಹಿಡಿಯದ್ದು ಇದೊಂದೇ. ಎಲ್ಲಿಟ್ಟಿದ್ದಿರಿ?" ಎಂದು ಕೇಳಿದರು. "ಭದ್ರವಾದ ಕಡೆ, ಸರ್" ಎಂದೆ. ವಹಿಯಲ್ಲಿ ಸಹಿ ಹಾಕಿಸಿಕೊಂಡರು. ಏಳು ವರ್ಷದ ಅತಿಥಿ ಮನೆಯವಳಾದೆ.

ಶುಕ್ರವಾರ ತರಗತಿಗೆ ಹೋಗಿ ಚೀಲ ಮೇಜಿನ ಮೇಲಿಟ್ಟು ತೆರೆದೆ. ಪ್ರಮಾಣಪತ್ರ ಇನ್ನೂ ಅದರಲ್ಲೇ ಇತ್ತು. ಮುಂದಿನ ಬೆಂಚಿನಲ್ಲಿದ್ದ ನಾಗವೇಣಿಯ ಮೂಗು ಮೆಲ್ಲಗೆ ಅರಳಿತು. ಅವಳು ನನ್ನ ಚೀಲ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. "ಅಕ್ಕೋರೆ..." ಎಂದಳು. "ಹೌದೇ, ಶೆಟ್ಲಿಯೇ" ಎಂದೆ. ಹಿಂದಿನ ಬೆಂಚಿನವರು ಇನ್ನೂ ವಾಸನೆಯ ಮೂಲ ಹುಡುಕುತ್ತಿದ್ದರು. ಜೂನಿನಲ್ಲಿ ಅವಳನ್ನು ನಿಲ್ಲಿಸಿದ್ದ ಐದು ನಿಮಿಷವನ್ನು ಎಲ್ಲರ ಎದುರು ವಾಪಸು ಕೊಡಬೇಕಿತ್ತು. ಕೊಟ್ಟೆ. ಮೂರು ದಿನ ನಡೆದದ್ದನ್ನು ಹೇಳಿ, ತಪ್ಪು ನನ್ನದೆಂದು ಒಪ್ಪುವಾಗ ನನಗೆ ಆ ಐದು ನಿಮಿಷ ಎಷ್ಟು ಉದ್ದವೆಂದು ತಿಳಿಯಿತು. ಅಂದೇ ಎಲ್ಲರ ಫೈಲಿನಿಂದ ಆರನೆಯ ಕವರು ಕೀಳಿಸಿದೆ. ಅದರ ಬದಲು, ನಿಮ್ಮ ಮನೆಯಲ್ಲಿ ಮಳೆಗಾಲದಲ್ಲೂ ಒಣಗಿರುವ ಜಾಗ ಯಾವುದು ಎಂದು ಮನೆಯ ಹಿರಿಯರನ್ನು ಕೇಳಿ ಬರೆದುಕೊಂಡು ಬನ್ನಿ ಎಂದೆ. ಒಲೆಯ ಮೇಲಿನ ಅಟ್ಟ, ಅಕ್ಕಿಡಬ್ಬಿ, ಫ್ರಿಜ್ಜಿನ ಹಿಂಬದಿ ಎಂದೆಲ್ಲ ಬರೆದು ತಂದರು. ಇಬ್ಬರು "ಇಲ್ಲ" ಎಂದು ಬರೆದಿದ್ದರು. ಅವರಿಬ್ಬರ ಕಾಗದ ಈಗ ನಾಗವೇಣಿಯ ಅಜ್ಜಿಯ ಬಳಿ ಇದೆ. ಅಜ್ಜಿ ಸಹಿ ಕೇಳುವುದಿಲ್ಲವಂತೆ.

ನೇಮಕಾತಿ ಆದೇಶ ಕೈಗೆ ಬಂದ ಮೇಲೆ ಒಂದು ಭಾನುವಾರ ಸುಂಕಸಾಳಕ್ಕೆ ಹೋದೆ. ಮಾವ ಈ ಸಲವೂ ಮೊದಲು ಚಹಾ ಕೊಟ್ಟ. ಕುಡಿದು, ಪ್ರಮಾಣಪತ್ರವನ್ನು ಅದೇ ಕ್ಯಾಲೆಂಡರಿನ ಹಾಳೆಯಲ್ಲಿ ಸುತ್ತಿ, ಎರಡೂ ಕೈಯಲ್ಲಿ ಹಿಡಿದು ಅವನಿಗೆ ಕೊಟ್ಟೆ. "ನೌಕರಿ ಖಾಯಂ ಆಯ್ತು, ಮಾವ. ಇದು ಇಲ್ಲೇ ಇರ್ಲಿ" ಎಂದೆ. ನಾನು ಅಂದುಕೊಂಡಿದ್ದೆ, ಮುದುಕನ ಕಣ್ಣು ಒದ್ದೆಯಾಗಬಹುದು, ತಲೆಯ ಮೇಲೆ ಕೈ ಇಡಬಹುದು, ತಾನು ಅಂದು ಆಡಿದ ಮಾತು ತಪ್ಪಾಯಿತು ಎಂದಾದರೂ ಹೇಳಬಹುದು. ಏನೇ ಆಗಲಿ, ನಾನು ಡಿಗ್ರಿ ಮಾಡಿದ್ದೆ, ಕಾಗದವೂ ಉಳಿದಿತ್ತಲ್ಲ. ಮಾವ ಸುರುಳಿಯನ್ನು ಮೂಗಿನ ಹತ್ತಿರ ಹಿಡಿದು ಮೂಸಿದ. ಕಾರವಾರದ ಗಾಳಿಯಲ್ಲಿ ಸ್ವಲ್ಪ ಮೆತ್ತಗಾಗಿದೆ ಎಂದು ತೀರ್ಮಾನಿಸಿ ತಲೆಯಾಡಿಸಿದ. ಡಬ್ಬಿಯ ತಳಕ್ಕೆ ಅದನ್ನು ಇಳಿಸಿ, ಅದರ ಮೇಲೆ ಶೆಟ್ಲಿ, ಅದರ ಮೇಲೆ ಬೀಜ, ಅದರ ಮೇಲೆ ಹುಣಸೆಹಣ್ಣು ಇಟ್ಟು ಮುಚ್ಚಳ ಒತ್ತಿದ. ಮಣೆಯ ಮೇಲೆ ನಿಂತೇ ನನ್ನ ಕಡೆ ತಿರುಗಿ ಹೇಳಿದ:

"ನಿಮ್ಮನೇಲಿ ಉಳಿಯೂದಿಲ್ಲ ಅಂದಿದ್ದೆ, ಉಳೀಲಿಲ್ಲ. ಬರ್ದಿಟ್ಕ ಅಂತಲೂ ಅಂದಿದ್ದೆ. ಎಲ್ಲಿ ಅದೆ ಆ ಬರ್ದಿಟ್ಟದ್ದು? ತೋರ್ಸು ನೋಡ್ವ."